ಸ್ವಾಂಟೆ ಅರ್ಹೇನಿಯಸ್

ಸ್ವೀಡನ್ ದೇಶದ ಉಪ್ಸಾಲಾ ತನ್ನ ಪ್ರಾಚೀನ ವಿಶ್ವವಿದ್ಯಾನಿಲಯದಿಂದ ಹೆಸರಾದ ನಗರ. ಅದರ ಸಮೀಪದಲ್ಲಿರುವ ವಿಕ್ ಎಂಬಲ್ಲಿ 1859ನೆಯ ಇಸವಿ ಫೆಬ್ರವರಿ 19ರಂದು ಸ್ವಾಂಟೆ ಅರ್ಹೇನಿಯಸ್ ಜನಿಸಿದನು. ಅವನ ತಂದೆ ಭೂಮಾಪಕ. ಬಾಲಕನು ಮೂರನೆಯ ವಯಸ್ಸಿನಲ್ಲಿಯೇ ಯಾರ ನೆರವೂ ಇಲ್ಲದೆ ಓದಲು ಕಲಿತನೆಂದು ಹೇಳುತ್ತಾರೆ.

ಉಪ್ಸಾಲಾದಲ್ಲಿ ವ್ಯಾಸಂಗ ಮಾಡಿದ ಅವನು 1881ರಲ್ಲಿ ಸ್ಟಾಕ್‌ಹೋಮಿಗೆ ತೆರಳಿ, ಎಡ್‌ಲುಂಡ್ ಎಂಬ ಭೌತವಿಜ್ಞಾನಿಯ ಬಳಿ ಸಂಶೋಧನೆಗೆ ತೊಡಗಿದನು. ಅವನನ್ನು ಕಾಡಿದ ಪ್ರಶ್ನೆ ನೋಡಲು ಸಣ್ಣದು. ಒಣ ಉಪ್ಪಿನ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಶುದ್ಧ ನೀರಿನ ಮೂಲಕವೂ ಹರಿಯುವುದಿಲ್ಲವೆಂದೇ ಹೇಳಬಹುದು. ಆದರೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಆ ದ್ರಾವಣ ಒಳ್ಳೆಯ ವಾಹಕವಾಗುತ್ತದೆ. ಇದೇಕೆ? ವಿದ್ಯುತ್ತನ್ನು ಒಯ್ಯುವ ಕಣಗಳಿಗೆ ಅಯಾನುಗಳೆಂಬ ಹೆಸರು 1834ರಲ್ಲಿಯೇ ಫ್ಯಾರಡೆಯಿಂದ ಬಂದಿತ್ತು. ವಿದ್ಯುತ್ತು ಹಾಯ್ದಾಗಲೇ ಅವು ಹುಟ್ಟುತ್ತವೆಂಬುದು ಅಂದಿನ ನಂಬಿಕೆ. ಅರ್ಹೇನಿಯಸ್ ಬೇರೆ ದಾರಿ ಹಿಡಿದನು. ಕರಗಿದ ವಸ್ತುವಿನ ಒಂದು ಭಾಗವು ಮೊದಲೇ ಕ್ರಿಯಾಶೀಲ ಸ್ಥಿತಿಯಲ್ಲಿರುತ್ತದೆ, ವಿದ್ಯುತ್ತನ್ನು ಒಯ್ಯುವುದೂ ರಾಸಾಯನಿಕ ಕ್ರಿಯೆಯಲ್ಲಿ ತೊಡಗುವುದೂ ಆ ಭಾಗವೇ ಎಂದು 1884ರಲ್ಲಿ ಡಾಕ್ಟರೇಟ್ ಪದವಿಗಾಗಿ ಬರೆದ ಪ್ರಬಂಧದಲ್ಲಿ ವಾದಿಸಿದನು.

ಉಪ್ಸಾಲಾದ ಪರೀಕ್ಷಕರಿಗೆ ಇದು ರುಚಿಸಲಿಲ್ಲ. ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಕ್ಲೀವ್ ಸಾಮಾನ್ಯನಲ್ಲ. ಹೋಲ್ಮಿಯಂ, ಥೂಲಿಯಂ ಎಂಬ ಧಾತುಗಳನ್ನು ಕಂಡುಹಿಡಿದ ಪ್ರಯೋಗಪಟು. ಆದರೆ ಹೊಸ ಸಿದ್ಧಾಂತಗಳಲ್ಲಿ ಅವನಿಗೆ ನಂಬಿಕೆ ಕಡಿಮೆ. ಪ್ರಬಂಧಕ್ಕೆ ನಾಲ್ಕನೆಯ ದರ್ಜೆ ದೊರೆಯಿತು. ಪದವಿಯೇನೋ ಬಂದಿತು, ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗುವ ಬಾಗಿಲು ಮುಚ್ಚಿತು.

ಅರ್ಹೇನಿಯಸ್ ಎದೆಗುಂದದೆ ಪ್ರಬಂಧದ ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಕಳುಹಿಸಿದನು. ರೀಗಾದಲ್ಲಿದ್ದ ಓಸ್ಟ್‌ವಾಲ್ಡನಿಗೆ ಒಂದು ಪ್ರತಿ ತಲುಪಿತು. ವಿವಿಧ ಆಮ್ಲಗಳು ಎಷ್ಟು ವೇಗವಾಗಿ ಕ್ರಿಯೆ ನಡೆಸುತ್ತವೆಂಬುದನ್ನು ಅವನು ಅಳೆಯುತ್ತಿದ್ದನು. ವಿದ್ಯುತ್ತನ್ನು ಚೆನ್ನಾಗಿ ಒಯ್ಯುವ ಆಮ್ಲಗಳೇ ತನ್ನ ಪಟ್ಟಿಯಲ್ಲಿಯೂ ಚುರುಕಾದವು ಎಂಬುದನ್ನು ಕಂಡು ಅವನು ಬೆರಗಾದನು. ಅದೇ ವರ್ಷ ಉಪ್ಸಾಲಾಕ್ಕೆ ತಾನೇ ಬಂದನು. ಹೊರನಾಡಿನ ಪ್ರಾಧ್ಯಾಪಕನೊಬ್ಬನು ಹುಡುಕಿಕೊಂಡು ಬಂದ ಮೇಲೆ, ಮುಚ್ಚಿದ ಬಾಗಿಲು ತೆರೆಯಿತು. ಅರ್ಹೇನಿಯಸ್ ಅಲ್ಲಿ ಉಪನ್ಯಾಸಕನಾದನು. ಮುಂದೆ ಪ್ರವಾಸವೇತನ ಪಡೆದು ಯುರೋಪಿನ ಹಲವು ಪ್ರಯೋಗಶಾಲೆಗಳಲ್ಲಿ ದುಡಿದು, 1887ರಲ್ಲಿ ತನ್ನ ಸಿದ್ಧಾಂತವನ್ನು ಸ್ಪಷ್ಟವಾಗಿ ಮಂಡಿಸಿದನು: ಆಮ್ಲ, ಪ್ರತ್ಯಾಮ್ಲ, ಲವಣಗಳು ನೀರಿನಲ್ಲಿ ಕರಗಿದೊಡನೆಯೇ ಧನ ಮತ್ತು ಋಣ ಅಯಾನುಗಳಾಗಿ ಬೇರ್ಪಡುತ್ತವೆ.

ಸಿಡಿದುರಿಯುವ ಸೋಡಿಯಂ, ವಿಷಾನಿಲವಾದ ಕ್ಲೋರಿನ್, ಇವೆರಡೂ ಉಪ್ಪುನೀರಿನಲ್ಲಿ ಸುಮ್ಮನಿರುವುದು ಹೇಗೆಂದು ವಿರೋಧಿಗಳು ಕೇಳಿದರು. ವಿದ್ಯುದಾವೇಶ ಹೊತ್ತ ಅಯಾನಿನ ಗುಣ ಬೇರೆ, ಪರಮಾಣುವಿನ ಗುಣ ಬೇರೆ ಎಂಬುದೇ ಅದಕ್ಕೆ ಉತ್ತರ.

ಈ ಸಿದ್ಧಾಂತದ ಬಲವನ್ನು ತಟಸ್ಥೀಕರಣದಲ್ಲಿ ಕಾಣಬಹುದು. ಆಮ್ಲಕ್ಕೆ ತಕ್ಕ ಪ್ರಮಾಣದ ಪ್ರತ್ಯಾಮ್ಲವನ್ನು ಬೆರೆಸಿದರೆ ಎರಡರ ತೀಕ್ಷ್ಣತೆಯೂ ಅಳಿದು ಲವಣ ಮತ್ತು ನೀರು ಉಂಟಾಗುತ್ತವೆ, ಪಾತ್ರೆ ಬಿಸಿಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಬೆರೆಸಲಿ, ನೈಟ್ರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಬೆರೆಸಲಿ, ಸಾರರಿಕ್ತ ದ್ರಾವಣಗಳಾದರೆ ಉಂಟಾಗುವ ಪ್ರತಿ 18 ಗ್ರಾಂ ನೀರಿಗೆ ಸುಮಾರು 13,700 ಕ್ಯಾಲೊರಿ ಉಷ್ಣವೇ ಹೊರಬೀಳುತ್ತದೆ. ವಸ್ತುಗಳು ಬೇರೆಯಾದರೂ ಉಷ್ಣ ಒಂದೇ ಆಗುವುದೇಕೆಂಬುದು ಬಹುಕಾಲದ ಒಗಟಾಗಿತ್ತು. ಅಯಾನುಗಳನ್ನು ಒಪ್ಪಿಕೊಂಡರೆ ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಆಮ್ಲದ ಹೈಡ್ರೋಜನ್ ಅಯಾನೂ ಪ್ರತ್ಯಾಮ್ಲದ ಹೈಡ್ರಾಕ್ಸಿಲ್ ಅಯಾನೂ ಕೂಡಿ ನೀರಾಗುತ್ತವೆ. ಮಿಕ್ಕ ಅಯಾನುಗಳು ಮೊದಲಿದ್ದಂತೆಯೇ ಉಳಿಯುತ್ತವೆ. ನಡೆಯುವ ಕ್ರಿಯೆ ಎಲ್ಲೆಡೆಯೂ ಒಂದೇ. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲಗಳಲ್ಲಿ ಅಣುಗಳು ಬಹುಮಟ್ಟಿಗೆ ಒಡೆಯದೇ ಇರುತ್ತವೆ. ಅವುಗಳನ್ನು ಒಡೆಯಲು ಒಂದಿಷ್ಟು ಶಕ್ತಿ ವ್ಯಯವಾಗುವುದರಿಂದ ದೊರೆಯುವ ಉಷ್ಣ ತುಸು ಕಡಿಮೆ.

1903ರಲ್ಲಿ ಅರ್ಹೇನಿಯಸ್ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದನು. ಆಗ ರಸಾಯನಶಾಸ್ತ್ರದ ನೊಬೆಲ್ ಸಮಿತಿಯ ಅಧ್ಯಕ್ಷನಾಗಿದ್ದವನು ಅದೇ ಕ್ಲೀವ್! ವಾತಾವರಣದ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದರೆ ಭೂಮಿಯ ಉಷ್ಣತೆ ಏರುವುದೆಂದು 1896ರಲ್ಲಿಯೇ ಲೆಕ್ಕ ಹಾಕಿದವನೂ ಅರ್ಹೇನಿಯಸ್ಸನೇ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಆಮ್ಲ ಪ್ರತ್ಯಾಮ್ಲಗಳಿಗೆ ಇನ್ನೂ ವಿಶಾಲವಾದ ನಿರೂಪಣೆ ನೀಡಿದರು. ಜಲೀಯ ದ್ರಾವಣಗಳ ಮಟ್ಟಿಗೆ ಅವನ ವಿವರಣೆಯನ್ನು ಈಗಲೂ ಶಾಲೆಗಳಲ್ಲಿ ಬೋಧಿಸುತ್ತಾರೆ. 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮಿನಲ್ಲಿ ಅವನು ತೀರಿಕೊಂಡನು. ಅವನ ಸಮಾಧಿ ಇರುವುದು ಉಪ್ಸಾಲಾದಲ್ಲಿ.