ವಿಮಾನ ನಿಲ್ದಾಣಕ್ಕೆ ಹೆಸರಾದ ಸಮರವೀರ ಬುಚ್ ಓಹೇರ್

ಅಮೆರಿಕದ ಶಿಕಾಗೊ ನಗರಕ್ಕೆ ಹೋಗುವ ಪ್ರಯಾಣಿಕರ ಲಗೇಜಿನ ಚೀಟಿಯ ಮೇಲೆ ಒ.ಆರ್.ಡಿ. ಎಂಬ ಮೂರು ಅಕ್ಷರಗಳಿರುತ್ತವೆ. ಆರ್ಚರ್ಡ್ ಎಂಬ ಹಳೆಯ ಹೆಸರಿನ ಗುರುತು ಅದು. 1949ರಲ್ಲಿ ಆ ನಿಲ್ದಾಣಕ್ಕೆ ಓಹೇರ್ ಎಂದು ನಾಮಕರಣ ಮಾಡಲಾಯಿತು. ಅದಕ್ಕೆ ಹತ್ತು ವರ್ಷ ಮೊದಲು ಇದೇ ನಗರದಲ್ಲಿ ಈ ಮನೆತನದ ಹೆಸರು ಕೊಲೆಯೊಂದರ ಕಾರಣಕ್ಕೆ ಸುದ್ದಿಯಾಗಿತ್ತು.

ಎಡ್ವರ್ಡ್ ಹೆನ್ರಿ ಓಹೇರ್ ಜನಿಸಿದ್ದು 1914ರ ಮಾರ್ಚ್ 13ರಂದು, ಸೇಂಟ್ ಲೂಯಿಸ್ ನಗರದಲ್ಲಿ. ಆಪ್ತರ ಬಾಯಲ್ಲಿ ಅವರು ಬುಚ್. ತಂದೆ ವಕೀಲರು, ಭೂಗತ ದೊರೆ ಅಲ್ ಕಪೋನ್‌ನ ರೇಸ್ ವ್ಯವಹಾರಗಳಲ್ಲಿ ಪಾಲುದಾರರು. ಮುಂದೆ ಅವರೇ ತೆರಿಗೆ ಅಧಿಕಾರಿಗಳಿಗೆ ಗುಟ್ಟಾಗಿ ಮಾಹಿತಿ ನೀಡಿದರು. 1931ರಲ್ಲಿ ಕಪೋನ್‌ಗೆ ಶಿಕ್ಷೆಯಾಯಿತು. ಮಗನ ಭವಿಷ್ಯಕ್ಕಾಗಿಯೇ ತಂದೆ ಈ ಹೆಜ್ಜೆ ಇಟ್ಟರೆಂಬ ಕಥೆ ಜನಜನಿತ. ಆದರೆ ರೇಸಿನ ವ್ಯವಹಾರವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಕಪೋನ್ ಬಿಡುಗಡೆಗೆ ಕೆಲವೇ ದಿನಗಳಿರುವಾಗ, 1939ರ ನವೆಂಬರ್ 8ರಂದು, ಕಾರಿನಲ್ಲಿ ಹೋಗುತ್ತಿದ್ದ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಹಂತಕರು ಸಿಗಲೇ ಇಲ್ಲ.

1937ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಪದವಿ ಪಡೆದಿದ್ದ ಬುಚ್ ಆಗ ಪೆನ್ಸಕೋಲಾದಲ್ಲಿ ವಿಮಾನ ಚಾಲನೆಯ ತರಬೇತಿಯಲ್ಲಿದ್ದರು. ತರಬೇತಿ ಮುಗಿಸಿ ಸೇರಿದ ಯುದ್ಧವಿಮಾನ ದಳದಲ್ಲಿ ಜಾನ್ ಥ್ಯಾಚ್ ಅವರಿಗೆ ಗುರುವಾಗಿ ದೊರೆತರು.

1942ರ ಫೆಬ್ರುವರಿ 20. ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್ ಜಪಾನೀಯರ ವಶದಲ್ಲಿದ್ದ ರಬೌಲ್‌ನತ್ತ ಸಾಗುತ್ತಿತ್ತು. ಮೊದಲ ದಾಳಿಯನ್ನು ಹಿಮ್ಮೆಟ್ಟಿಸಲು ಇತರ ವಿಮಾನಗಳು ತೆರಳಿದ್ದಾಗ ಮತ್ತೊಂದು ದಿಕ್ಕಿನಿಂದ ಎಂಟು ಬಾಂಬರ್‌ಗಳು ಕಾಣಿಸಿಕೊಂಡವು. ಅಡ್ಡ ನಿಲ್ಲಲು ಇದ್ದವರು ಬುಚ್ ಮತ್ತು ಅವರ ಜೊತೆಗಾರ ಇಬ್ಬರೇ. ಜೊತೆಗಾರನ ಬಂದೂಕುಗಳು ಕೈಕೊಟ್ಟವು. ತಮ್ಮ ವೈಲ್ಡ್‌ಕ್ಯಾಟ್ ವಿಮಾನದಲ್ಲಿದ್ದ ಅಲ್ಪ ಮದ್ದುಗುಂಡಿನೊಂದಿಗೆ ಬುಚ್ ಏಕಾಂಗಿಯಾಗಿ ಮೇಲೆರಗಿದರು. ಕೆಲವೇ ನಿಮಿಷಗಳಲ್ಲಿ ಐದು ಬಾಂಬರ್‌ಗಳನ್ನು ಉರುಳಿಸಿದರೆಂದು ನೌಕಾಪಡೆ ದಾಖಲಿಸಿತು. ಯುದ್ಧಾನಂತರ ಜಪಾನಿನ ದಾಖಲೆಗಳನ್ನು ಪರಿಶೀಲಿಸಿದ ಇತಿಹಾಸಕಾರರು ಈ ಸಂಖ್ಯೆಯನ್ನು ಕಡಿಮೆ ಮಾಡಿದ್ದಾರೆ. ಆದರೆ ಅಂದು ಲೆಕ್ಸಿಂಗ್ಟನ್ ಪಾರಾಯಿತು ಎಂಬುದರಲ್ಲಿ ವಿವಾದವಿಲ್ಲ.

ಏಪ್ರಿಲ್ 21ರಂದು ಶ್ವೇತಭವನದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಮ್ಮುಖದಲ್ಲಿ ಪತ್ನಿ ರೀಟಾ, ದೇಶದ ಅತ್ಯುನ್ನತ ಶೌರ್ಯ ಪುರಸ್ಕಾರವಾದ ಮೆಡಲ್ ಆಫ್ ಆನರ್ ಅನ್ನು ಪತಿಯ ಕೊರಳಿಗೆ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಈ ಗೌರವಕ್ಕೆ ಪಾತ್ರರಾದ ಮೊದಲ ನೌಕಾ ವೈಮಾನಿಕ ಅವರು. ಹುಟ್ಟೂರು ಮೆರವಣಿಗೆ ಮಾಡಿ ಅವರನ್ನು ಸ್ವಾಗತಿಸಿತು.

ಸನ್ಮಾನಗಳಲ್ಲೇ ಉಳಿದುಬಿಡುವ ಅವಕಾಶವಿದ್ದರೂ ಬುಚ್ 1943ರಲ್ಲಿ ಮತ್ತೆ ರಣರಂಗಕ್ಕೆ ಮರಳಿದರು. ರಾತ್ರಿ ವೇಳೆ ಎರಗುತ್ತಿದ್ದ ಜಪಾನಿ ವಿಮಾನಗಳನ್ನು ತಡೆಯಲು ರೇಡಾರ್ ಹೊತ್ತ ಅವೆಂಜರ್ ವಿಮಾನದ ಜೊತೆ ಎರಡು ಹೆಲ್‌ಕ್ಯಾಟ್‌ಗಳನ್ನು ಕಳುಹಿಸುವ ಹೊಸ ಪ್ರಯೋಗಕ್ಕೆ ಎಂಟರ್‌ಪ್ರೈಸ್ ನೌಕೆಯಿಂದ ತಾವೇ ಮುಂದಾದರು. ನವೆಂಬರ್ 26ರ ರಾತ್ರಿ ಗಿಲ್ಬರ್ಟ್ ದ್ವೀಪಗಳ ಬಳಿ, ಗುಂಡಿನ ಚಕಮಕಿಯ ನಡುವೆ ಅವರ ವಿಮಾನ ಕತ್ತಲಲ್ಲಿ ಮರೆಯಾಯಿತು. ದೇಹವಾಗಲೀ ವಿಮಾನವಾಗಲೀ ಸಿಗಲಿಲ್ಲ. ಆಗ ಅವರಿಗೆ 29 ವರ್ಷ. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮರಣೋತ್ತರವಾಗಿ ನೇವಿ ಕ್ರಾಸ್ ಸಂದಿತು.

ಸಮಾಧಿಯೇ ಇಲ್ಲದ ಈ ಯೋಧನ ಹೆಸರನ್ನು ನಿಲ್ದಾಣಕ್ಕಿಡಲು ಸೂಚಿಸಿದವರು ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಪ್ರಕಾಶಕ ರಾಬರ್ಟ್ ಮೆಕಾರ್ಮಿಕ್. ತಂದೆ ರಸ್ತೆಯಲ್ಲಿ ಹತ್ಯೆಯಾದ ನಗರದಲ್ಲಿ ಇಂದು ಓಹೇರ್ ಎಂದರೆ ಜನರಿಗೆ ನೆನಪಾಗುವುದು ವಿಮಾನಗಳೇ.