ಬಳೆಗಾರರ ಮನೆಯ ವಂಶಾವಳಿ

ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆಲ್ಲ ರನ್ನನ ಹೆಸರು ಗೊತ್ತು. ಅವನ ತಾಯಿಯ ಹೆಸರು ಕೇಳಿದರೆ ಮಾತ್ರ ಬಹಳ ಮಂದಿ ಸುಮ್ಮನಾಗುತ್ತಾರೆ.

ತಾಯಿ ಅಬ್ಬಲಬ್ಬೆ, ತಂದೆ ಜಿನವಲ್ಲಭ. ಬಳೆ ಮಾರುವ ಮನೆತನ. ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಆಗಿನ ಜಂಬುಖಂಡಿ ಎಪ್ಪತ್ತರೊಳಗಿನ ಮುದುವೊಳಲಿನಲ್ಲಿ. ಅಂದರೆ ನಮ್ಮ ಜಮಖಂಡಿ, ನಮ್ಮ ಮುಧೋಳ. ಒಡಹುಟ್ಟಿದವರು ದೃಢಬಾಹು, ರೇಚಣ, ಮಾರಯ್ಯ.

ಸಾವಿರ ವರ್ಷದ ಹಿಂದಿನ ಈ ಹೆಸರು ಉಳಿದದ್ದು ಹ್ಯಾಗೆ? ಅರಸರ ವಂಶಾವಳಿ ಬರೆಯಲಿಕ್ಕೆ ಆಸ್ಥಾನದ ಮಂದಿ ಇದ್ದರು, ಕಲ್ಲು ಕೆತ್ತುವವರಿದ್ದರು. ಬಳೆಗಾರರ ಮನೆಯದನ್ನು ಯಾರು ಬರೀಬೇಕು? ಮಗನೇ ಬರೆದ. 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಮನೆಮಂದಿಯ ಹೆಸರು ಸೇರಿಸಿಬಿಟ್ಟ. ಆ ಹೊತ್ತಿಗೆ ಅವನು ಚಾಲುಕ್ಯ ತೈಲಪನ ಕವಿಚಕ್ರವರ್ತಿ. ಹುಟ್ಟಿದ ಕಸುಬನ್ನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಓದಲಿಕ್ಕೆ ದೂರದ ಗಂಗರ ನಾಡಿಗೆ ಹೋದಾಗ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಸರೆ ಕೊಟ್ಟ. ಮುಂದೆ ಅಜಿತಪುರಾಣ ಬರೆಸಿದಾಕೆ ದಾನಚಿಂತಾಮಣಿ ಅತ್ತಿಮಬ್ಬೆ. ಈ ಋಣವೂ ಮನೆಯೊಳಗೇ ಬಂತು ನೋಡ್ರಿ: ಜಕ್ಕಿ, ಶಾಂತಿ ಎಂಬ ಇಬ್ಬರು ಹೆಂಡಂದಿರ ಈ ಸಂಸಾರದಲ್ಲಿ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ.

ರನ್ನ ಬರೆದಿಟ್ಟ ವಂಶಾವಳಿ ಈ ಇಬ್ಬರು ಮಕ್ಕಳಿಗೇ ನಿಲ್ಲುತ್ತದೆ.