ಪಾರ್ಟು ಸಿಗದ ಕಾಲದ ಲಕ್ಷ್ಮಣರಾಯರು

ಹಳೇ ಕಾರಿನ ಇಂಜಿನ್ ಬಿಚ್ಚಿ ಪಿಕಪ್ ಜಾಸ್ತಿ ಮಾಡೋಕೆ ಕೂತವರು ಮೊದಲು ಹುಡುಕೋದು ಎರಡನ್ನ: ಪಾರ್ಟು, ಮತ್ತೆ ಅಳತೆ ಬರೆದಿರೋ ಪುಸ್ತಕ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಷ್ಟು ಸಂದು ಇರಬೇಕು ಅನ್ನೋದು ಅಂದಾಜಿನ ಮಾತಲ್ಲ. ಕೂದಲೆಳೆಗಿಂತ ಕಡಿಮೆ ತಪ್ಪಿದರೂ ಇಂಜಿನ್ ಸೀಜ್ ಆಗುತ್ತೆ. ಅಳತೆಯೇನೋ ಈಗ ಮೊಬೈಲಿನಲ್ಲೂ ಸಿಗುತ್ತೆ. ಆದರೆ ಬುಷ್ ಸಿಗದಿದ್ದರೆ, ಫ್ಲೈವೀಲಿನ ತೂಕ ಇಳಿಸಬೇಕಾದರೆ ಲೇತ್ ಅಂಗಡಿಗೇ ಹೋಗಬೇಕು. ಅಲ್ಲಿರುವ ಹಳೇ ಲೇತಿನ ಮೈಮೇಲೆ ಕಿರ್ಲೋಸ್ಕರ್ ಅಂತ ಹೆಸರಿದ್ದರೆ ಅದು ಬಹುತೇಕ ನಮ್ಮ ಹರಿಹರದ್ದು.

ಆ ಹೆಸರಿನ ಮೂಲ ಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಓದು ಅಷ್ಟಕ್ಕಷ್ಟೆ. ಚಿತ್ರ ಬರೆಯೋ ಆಸೆಯಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ಗೊತ್ತಾಯ್ತು, ಇವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ತಿಳಿಯೋದಿಲ್ಲ ಅಂತ. ಬಣ್ಣ ಬಿಟ್ಟು ಗೆರೆಗೆ ಬಂದರು. ಯಂತ್ರಗಳ ನಕ್ಷೆ ಬರೆಯೋದು ಕಲಿತು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸೋ ಮೇಷ್ಟ್ರಾದರು. ಬಡ್ತಿ ಬರಬೇಕಾದ ಹೊತ್ತಿಗೆ ಅದು ಆಂಗ್ಲೋ ಇಂಡಿಯನ್ ಒಬ್ಬರ ಪಾಲಾಯ್ತು. ಕೆಲಸ ಬಿಟ್ಟು ಬೆಳಗಾವಿಗೆ ವಾಪಸ್ ಬಂದರು.

ಅಲ್ಲಿ ಅಣ್ಣ ರಾಮಣ್ಣನ ಜೊತೆ ಸೈಕಲ್ ವ್ಯಾಪಾರವಿತ್ತು. ಮಾರೋದಷ್ಟೇ ಅಲ್ಲ, ರಿಪೇರಿಯೂ ಇವರದೇ, ಹತ್ತೋದು ಕಲಿಸೋದೂ ಇವರದೇ. ಮೇವು ಕತ್ತರಿಸೋ ಯಂತ್ರಕ್ಕೆ ಕೈ ಹಾಕಿದಾಗ ಕೇಳೋಕೆ ಗುರುವಿಲ್ಲ, ಕೊಳ್ಳೋಕೆ ಬಿಡಿಭಾಗವಿಲ್ಲ. ಅಮೆರಿಕದಿಂದ ಬರುತ್ತಿದ್ದ ಪತ್ರಿಕೆಗಳೇ ಪಠ್ಯ. ಚಿತ್ರ ನೋಡಿ ಅಳತೆ ಊಹಿಸಬೇಕು, ಮಾಡಿ ನೋಡಬೇಕು, ಮುರಿದರೆ ಮತ್ತೆ ಮಾಡಬೇಕು. ಇವತ್ತು ಇಂಜಿನ್ ಕಟ್ಟೋ ಹುಡುಗರು ಪಡೋ ಪಾಡು ಇದೇ ಅಲ್ವಾ?

ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತೆ ಅನ್ನೋ ಭಯ ರೈತರಿಗೆ. ಮೊದಲ ನಲವತ್ತು ನೇಗಿಲು ಮಾರೋಕೆ ಎರಡು ವರ್ಷ ಹಿಡೀತು.

ವ್ಯಾಪಾರ ಕುದುರೋ ಹೊತ್ತಿಗೆ ಬೆಳಗಾವಿಯಲ್ಲಿ ಜಾಗ ಖಾಲಿ ಮಾಡಬೇಕಾಯ್ತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ಹತ್ತಿರ ನೆಲ ಕೊಟ್ಟರು. ಪಾಪಾಸುಕಳ್ಳಿ, ನಾಗರಹಾವು ತುಂಬಿದ ಬರಡು ನೆಲ. 1910ರಲ್ಲಿ ಅದೇ ಕಿರ್ಲೋಸ್ಕರವಾಡಿಯಾಯ್ತು. ಜೈಲು ಕಂಡು ಬಂದ ದರೋಡೆಕೋರರನ್ನೇ ಕಾವಲಿಗೆ ಇಟ್ಟರು. ಆ ಊರಿನೊಳಗೆ ಅಸ್ಪೃಶ್ಯತೆ ನಡೆಯಕೂಡದು ಅಂದರು. ಮೊದಲ ಮಹಾಯುದ್ಧದಲ್ಲಿ ಹೊರಗಿನ ಕಬ್ಬಿಣ ನಿಂತುಹೋದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಕೆಲಸಕ್ಕೆ ಬಾರದ ಹಳೇ ಫಿರಂಗಿಗಳನ್ನು ಕೊಟ್ಟರು, ಅವು ಕರಗಿ ನೇಗಿಲಾದವು. ಸ್ವಂತ ದುಡಿಮೆಯಿಂದಲೇ ಎಲ್ಲ ಕಟ್ಟಿದ ಉದ್ಯಮಿ ಅಂತ ಇವರನ್ನ ಹೊಗಳೋರು ಈ ನೆಲವನ್ನೂ ಈ ಫಿರಂಗಿಗಳನ್ನೂ ಸಾಮಾನ್ಯವಾಗಿ ಮರೀತಾರೆ. ದುಡಿಮೆ ಅವರದೇ, ಸಂಶಯವಿಲ್ಲ. ಕಷ್ಟಕಾಲಕ್ಕೆ ಕೈ ಹಿಡಿದದ್ದು ಮಾತ್ರ ಸಂಸ್ಥಾನಗಳು.

ನೇಗಿಲಿನ ಹಿಂದೆ ಪಂಪು ಬಂತು, ಇಂಜಿನ್ ಬಂತು. ಮಗ ಶಂತನುರಾಯರು ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ ಬಂದು 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ ಕಂಪನಿ ಶುರು ಮಾಡಿದರು. ನಮ್ಮ ಕಡೆ ಹೊಲಗಳಲ್ಲಿ ನೀರೆತ್ತಿದ ಇಂಜಿನ್ನಿಗೆ ಕಿರ್ಲೋಸ್ಕರ್ ಅನ್ನೋದೇ ಹೆಸರಾಯ್ತು.

ಅದಕ್ಕೂ ಮೊದಲೇ, 1941ರಲ್ಲಿ, ಎರಡನೇ ಯುದ್ಧದ ನಡುವೆ, ಕಿರ್ಲೋಸ್ಕರರು ಹರಿಹರಕ್ಕೆ ಬಂದಿದ್ದರು. ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯ. ಈಚೆ ದಡದಲ್ಲಿ ಮೈಸೂರು ಕಿರ್ಲೋಸ್ಕರ್ ಎದ್ದಿತು. ಇಲ್ಲಿ ತಯಾರಾಗಿದ್ದು ಇಂಜಿನ್ ಅಲ್ಲ, ಇಂಜಿನ್ನಿನ ಭಾಗ ತಯಾರಿಸೋ ಲೇತ್. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತು ದಾಟಿತ್ತು. ಕಾರ್ಖಾನೆ ಮುಂದಿನ ತಲೆಮಾರಿನದು, ಆದರೆ ಅದು ನೀಗಿಸಿದ ಕೊರತೆ ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ ಅವರು ಅನುಭವಿಸಿದ್ದು. ಹರಿಹರ, ದಾವಣಗೆರೆಯ ಎಷ್ಟೋ ಮನೆಗಳ ಒಲೆ ಆ ಸಂಬಳದಲ್ಲಿ ಉರಿಯಿತು. ಅಲ್ಲಿ ಕೈ ಪಳಗಿದವರು ಹೊರಬಂದು ಸ್ವಂತ ವರ್ಕ್‌ಶಾಪ್ ಹಾಕಿಕೊಂಡರು.

ಲಕ್ಷ್ಮಣರಾಯರು ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು. 1969ರಲ್ಲಿ ಅಂಚೆ ಇಲಾಖೆ ಅವರ ನೂರನೇ ವರ್ಷಕ್ಕೆ ಸ್ಟಾಂಪು ತಂದಿತು. ಹರಿಹರದ ಕಾರ್ಖಾನೆ ಈ ಶತಮಾನದ ಶುರುವಿನಲ್ಲಿ ಬಾಗಿಲು ಹಾಕಿತು. ಕಂಪ್ಯೂಟರಿನ ಲೇತುಗಳು ಬಂದಾಗ ಹಳಬರನ್ನು ಹಾಗೇ ಬಿಟ್ಟುಬಿಟ್ಟದ್ದನ್ನು ಕಾಲಧರ್ಮ ಅಂತ ಒಪ್ಪಿಕೊಳ್ಳೋಕೆ ನನಗಂತೂ ಮನಸ್ಸಿಲ್ಲ. ಯಂತ್ರ ಬದಲಾಗೋದು ಬೇರೆ, ಆ ಯಂತ್ರ ಕಟ್ಟಬಲ್ಲ ಕೈಗಳನ್ನ ಚದುರಿಸೋದು ಬೇರೆ.

ಲೇತುಗಳು ಇನ್ನೂ ತಿರುಗ್ತಾ ಇವೆ. ಅವಕ್ಕೇ ಈಗ ಗೇರು ಬೇಕಾದರೆ ಗುಜರಿಯಲ್ಲಿ ಇನ್ನೊಂದು ಹರಿಹರದ ಲೇತ್ ಹುಡುಕಿ ಬಿಚ್ಚಬೇಕು.